ಎಂ ಪೀಪಲ್ 'ಎಲಿಗೆಂಟ್ ಸ್ಲಮಿಂಗ್' (1993): ಹೀದರ್ ಸ್ಮಾಲ್ ದನಿ ಬಗ್ಗೆ ಮಾತಾಡೋಣ ಬನ್ನಿ

ಹಳೇ_ಕ್ಯಾಸೆಟ್:
ಎಲ್ಲರಿಗೂ ನಮಸ್ಕಾರ. ಇಲ್ಲಿ ತೊಂಬತ್ತರ ದಶಕದ ಬ್ರಿಟಿಷ್ ಹಾಡುಗಳ ಮಾತು ಬಂದಾಗಲೆಲ್ಲ ಒಯಾಸಿಸ್, ಬ್ಲರ್, ಪಲ್ಪ್ ಎಂಬ ಗಿಟಾರ್ ಬ್ಯಾಂಡುಗಳ ಸುತ್ತಲೇ ತಿರುಗುತ್ತದೆ. ಎಂ ಪೀಪಲ್ ಎಂಬ ಡ್ಯಾನ್ಸ್ ಬ್ಯಾಂಡಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

1995ರಲ್ಲಿ ನಾನು ಮೈಸೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಸೋದರಮಾವನ ಮಗ ಬೆಂಗಳೂರಿನಿಂದ ಬರುವಾಗ ಒಂದು 90 ನಿಮಿಷದ ಕ್ಯಾಸೆಟ್ ತಂದುಕೊಟ್ಟ. ಎ ಸೈಡಿನಲ್ಲಿ ಹಾಡುಗಳ ಪಟ್ಟಿ ಇತ್ತು. ಬಿ ಸೈಡಿನಲ್ಲಿ ಏನೂ ಬರೆದಿರಲಿಲ್ಲ. ರಾತ್ರಿ ವಾಕ್‌ಮನ್‌ನಲ್ಲಿ ಬಿ ಸೈಡ್ ಹಾಕಿದೆ. ಹಾಡುತ್ತಿರುವುದು ಗಂಡಸು ಅಂದುಕೊಂಡೆ. ಎರಡು ಸಾಲು ಆದಮೇಲೆ ಅಲ್ಲ, ಹೆಂಗಸು ಅನಿಸಿತು. ಮೂರನೇ ಹಾಡಿಗೆ ಬರುವಷ್ಟರಲ್ಲಿ ಅದು ಯೋಚನೆ ಮಾಡುವ ವಿಷಯವೇ ಆಗಿರಲಿಲ್ಲ. ಅಂಥ ದಪ್ಪ, ತುಂಬಿದ ದನಿಯನ್ನು ನಾನು ಅಲ್ಲಿಯವರೆಗೆ ಡ್ಯಾನ್ಸ್ ಹಾಡಿನಲ್ಲಿ ಕೇಳಿರಲಿಲ್ಲ. ಹಾಡಿದವರ ಹೆಸರು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಹೀದರ್ ಸ್ಮಾಲ್.

ಆ ಬಿ ಸೈಡಿನಲ್ಲಿ ಇದ್ದದ್ದು 'ಎಲಿಗೆಂಟ್ ಸ್ಲಮಿಂಗ್'. 1993ರ ಅಕ್ಟೋಬರ್‌ನಲ್ಲಿ ಬಂದ ಆಲ್ಬಂ. ಮ್ಯಾಂಚೆಸ್ಟರ್‌ನ ಡಿಜೆ ಮೈಕ್ ಪಿಕರಿಂಗ್, ಕೀಬೋರ್ಡ್ ಮತ್ತು ಬೇಸ್‌ಗೆ ಪಾಲ್ ಹರ್ಡ್, ತಾಳವಾದ್ಯಕ್ಕೆ ಶೋವೆಲ್ ಎಂದೇ ಎಲ್ಲರೂ ಕರೆಯುವ ಆಂಡ್ರ್ಯೂ ಲವೆಲ್, ಎಲ್ಲರ ಮುಂದೆ ಹೀದರ್. 'ವನ್ ನೈಟ್ ಇನ್ ಹೆವೆನ್', 'ಮೂವಿಂಗ್ ಆನ್ ಅಪ್', 'ಡೋಂಟ್ ಲುಕ್ ಎನಿ ಫರ್ದರ್', 'ರೆನೇಸಾನ್ಸ್' ನಾಲ್ಕೂ ಬ್ರಿಟನ್ನಿನ ಟಾಪ್ 10ಕ್ಕೆ ಹೋದವು. ಆಲ್ಬಂ 2ನೇ ಸ್ಥಾನಕ್ಕೆ ಹೋಯಿತು. ಮುಂದಿನ ವರ್ಷ ಮರ್ಕ್ಯುರಿ ಪ್ರಶಸ್ತಿಯೂ ಬಂತು, ಬ್ರಿಟನ್ನಿನಲ್ಲಿ ವರ್ಷದ ಒಂದು ಆಲ್ಬಂಗೆ ಕೊಡುವ ಪ್ರಶಸ್ತಿ ಅದು.

ನನ್ನ ಮಾತು ಇಷ್ಟು. ಹೌಸ್ ಅಂದರೆ ಕ್ಲಬ್ಬುಗಳಲ್ಲಿ ಯಂತ್ರದ ತಾಳಕ್ಕೆ ಕುಣಿಯುವ ಸಂಗೀತ. ಆ ಕಾಲದ ಹೌಸ್ ಸಂಗೀತದಲ್ಲಿ ಹೆಣ್ಣಿನ ದನಿ ಅಂದರೆ ಒಂದು ತುಣುಕು. ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ ಒಂದು ಕೂಗು. ಈ ಆಲ್ಬಂನಲ್ಲಿ ಹಾಗಿಲ್ಲ. ಹಾಡಿನ ಮೊದಲ ಸಾಲಿನಿಂದ ಕೊನೆಯವರೆಗೆ ಒಬ್ಬ ಹೆಂಗಸು ನಿಂತು ತನ್ನ ಮಾತು ಹೇಳುತ್ತಾಳೆ. ಉಳಿದದ್ದೆಲ್ಲ ಅವಳ ಸುತ್ತ ಕಟ್ಟಿದ್ದು. ನಿಮಗೂ ಹಾಗೆ ಅನಿಸಿದೆಯಾ?

ಮ್ಯಾಂಚೆಸ್ಟರ್_ಮಂಜು:
ಬಹಳ ಖುಷಿ ಆಯಿತು ಸರ್ ಈ ಚರ್ಚೆ ನೋಡಿ. ನಾನು ಹಾಸನದವನು. 2009ರಿಂದ ಇದೇ ಊರಲ್ಲಿ ಇದ್ದೇನೆ. ದಿನಾ ಕೆಲಸಕ್ಕೆ ಹೋಗುವುದು ವಿಟ್‌ವರ್ತ್ ಸ್ಟ್ರೀಟ್ ವೆಸ್ಟ್ ದಾಟಿಕೊಂಡು. ಪಿಕರಿಂಗ್ ಡಿಜೆ ಆಗಿದ್ದ ಹಸಿಯೆಂಡಾ ಕ್ಲಬ್ ಇದ್ದದ್ದು ಅದೇ ರಸ್ತೆಯಲ್ಲಿ. ಈಗ ಕ್ಲಬ್ ಇಲ್ಲ. ಅದೇ ಹೆಸರಿನ ಅಪಾರ್ಟ್‌ಮೆಂಟ್ ಇದೆ. ಮೊದಲ ಸಲ ಹೆಸರು ಓದಿದಾಗ ಅಲ್ಲೇ ನಿಂತುಬಿಟ್ಟಿದ್ದೆ.

ಹಸಿಯೆಂಡಾ 1982ರ ಮೇನಲ್ಲಿ ಶುರುವಾಯಿತು. ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಇಲ್ಲಿನ ರೆಕಾರ್ಡ್ ಕಂಪನಿ ಮತ್ತು ನ್ಯೂ ಆರ್ಡರ್ ಬ್ಯಾಂಡಿನವರ ದುಡ್ಡು. ಮೊದಲ ಕೆಲವು ವರ್ಷ ಜನ ಕಡಿಮೆ. ದೊಡ್ಡ ಜಾಗ, ಚಳಿ ಬೇರೆ. ಶುಕ್ರವಾರದ 'ನ್ಯೂಡ್' ಎಂಬ ರಾತ್ರಿಯಲ್ಲಿ ಪಿಕರಿಂಗ್ ಶಿಕಾಗೋದಿಂದ ಬಂದ ಹೌಸ್ ರೆಕಾರ್ಡುಗಳನ್ನು ಹಾಕತೊಡಗಿದ. 1986ರ ಹೊತ್ತಿಗೆ ಬ್ರಿಟನ್ನಿನಲ್ಲಿ ಅದನ್ನು ಹಾಕುತ್ತಿದ್ದವರು ಬೆರಳೆಣಿಕೆಯಷ್ಟು ಜನ. ಎರಡು ವರ್ಷದಲ್ಲಿ ಬಾಗಿಲ ಹೊರಗೆ ಸಾಲು.

ಇನ್ನೊಂದು ವಿಷಯ ಸೇರಿಸಬೇಕು. ಇಲ್ಲಿನ ಉತ್ತರ ಇಂಗ್ಲೆಂಡಿನ ಜನಕ್ಕೆ ಅಮೆರಿಕದ ಕಪ್ಪು ಜನರ ಸೋಲ್ ಹಾಡು ಹೊಸದಲ್ಲ. ಅರವತ್ತರ ದಶಕದ ಕೊನೆಯಿಂದ ಕಾರ್ಖಾನೆ ಹುಡುಗರು ವಾರವೆಲ್ಲ ದುಡಿದು, ವಾರದ ಕೊನೆಗೆ ರಾತ್ರಿಯಿಡೀ ಸೋಲ್ ರೆಕಾರ್ಡಿಗೆ ಕುಣಿಯುತ್ತಿದ್ದರು. ಮ್ಯಾಂಚೆಸ್ಟರ್‌ನಲ್ಲಿ ಟ್ವಿಸ್ಟೆಡ್ ವೀಲ್, ಪಕ್ಕದ ವಿಗನ್‌ನಲ್ಲಿ ಕ್ಯಾಸಿನೋ. ಅದಕ್ಕೆ ನಾರ್ದರ್ನ್ ಸೋಲ್ ಅಂತಲೇ ಹೆಸರು. ಎಂ ಪೀಪಲ್‌ನ ಮೊದಲ ಆಲ್ಬಂ ಹೆಸರೂ 'ನಾರ್ದರ್ನ್ ಸೋಲ್'. ಅಂದರೆ ಪಿಕರಿಂಗ್ ಹೊಸ ಹೌಸ್ ಸಂಗೀತವನ್ನು ಊರಿನ ಹಳೇ ಚಟಕ್ಕೆ ಜೋಡಿಸಿದ. ಹಾಗೆ ಜೋಡಿಸಲು ನಿಜವಾದ ಸೋಲ್ ಗಾಯಕಿ ಬೇಕಿತ್ತು.

ಕುಂದಾಪ್ರ_ಕಡಲು:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ ಮಾರಾಯ್ರೆ. ದನಿ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹಾಡುಗಳು ಜಾಸ್ತಿ ನಯ. ಎಲ್ಲ ಅಂಚುಗಳನ್ನೂ ಉಜ್ಜಿ ಹಾಕಿದ ಹಾಗೆ. ನಾನು ದುಬೈನಲ್ಲಿ ಆರು ವರ್ಷ ಇದ್ದೆ. ಅಲ್ಲಿನ ಮಾಲ್‌ಗಳಲ್ಲಿ 'ಮೂವಿಂಗ್ ಆನ್ ಅಪ್' ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಟ್ರಾಲಿ ತಳ್ಳಿಕೊಂಡು ಹೋಗುವಾಗ ಹಿಂದೆ ಬರುವ ಸಂಗೀತ. ಮತ್ತೆ ಮರ್ಕ್ಯುರಿ 1994ರ ಪಟ್ಟಿ ಒಮ್ಮೆ ನೋಡಿ. ಬ್ಲರ್‌ನ 'ಪಾರ್ಕ್‌ಲೈಫ್' ಇತ್ತು. ಪಲ್ಪ್ ಇತ್ತು. ಪ್ರಾಡಿಜಿ ಇತ್ತು. ಪಾಲ್ ವೆಲರ್ ಇದ್ದ. ಅಷ್ಟೆಲ್ಲ ಬಿಟ್ಟು ಇದಕ್ಕೆ ಕೊಟ್ಟದ್ದು ಸರಿಯಾ?

ಜಯನಗರ_ಡಿಜೆ:
ಕಡಲು ಸರ್, ಪ್ರಶಸ್ತಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಳೇ ಕ್ಯಾಸೆಟ್ ಸರ್ ಹೇಳಿದ 'ತುಣುಕು' ವಿಷಯ. ಇದು ನನಗೆ ಬಹಳ ಮುಖ್ಯ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

1989ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಬ್ಲ್ಯಾಕ್ ಬಾಕ್ಸ್‌ನ 'ರೈಡ್ ಆನ್ ಟೈಮ್'. ಇಟಲಿಯ ಹುಡುಗರು ಮಾಡಿದ ಹಾಡು. ಆರು ವಾರ 1ನೇ ಸ್ಥಾನದಲ್ಲಿತ್ತು. ಅದರಲ್ಲಿ ಗುಡುಗುವ ದನಿ ಲೊಲೀಟಾ ಹಾಲೊವೆ ಅವರದು. ಅವರು 1980ರಲ್ಲಿ ಹಾಡಿದ್ದ 'ಲವ್ ಸೆನ್ಸೇಷನ್' ಎಂಬ ಡಿಸ್ಕೋ ಹಾಡಿನಿಂದ ಎತ್ತಿದ್ದು. ವಿಡಿಯೋದಲ್ಲಿ ಮಾತ್ರ ಒಬ್ಬ ಮಾಡೆಲ್ ಬಾಯಿ ಆಡಿಸುತ್ತಾಳೆ. ಹಾಲೊವೆ ಹೆಸರು ಎಲ್ಲೂ ಇಲ್ಲ. ಅವರು ಸುಮ್ಮನೆ ಕೂರಲಿಲ್ಲ, ವಕೀಲರನ್ನು ಹಿಡಿದರು.

ಆಮೇಲೆ ಅದೇ ಬ್ಲ್ಯಾಕ್ ಬಾಕ್ಸ್‌ನ ಬೇರೆ ಹಾಡುಗಳಿಗೆ ಮಾರ್ಥಾ ವಾಶ್ ಹಾಡಿದರು. ಅಲ್ಲೂ ಅದೇ ಕಥೆ. ದನಿ ಮಾರ್ಥಾ ಅವರದು, ಮುಖ ಮಾಡೆಲ್‌ನದು. ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿ ಎಂಬ ಅಮೆರಿಕದ ಗುಂಪಿನ 1990ರ ದೊಡ್ಡ ಹಿಟ್‌ನಲ್ಲೂ ಹಾಗೇ ಆಯಿತು. ಮಾರ್ಥಾ ದಪ್ಪಗಿದ್ದರು. ಕ್ಯಾಮೆರಾ ಮುಂದೆ ಬೇಡ, ಮೈಕ್ ಹಿಂದೆ ಇರಲಿ ಅನ್ನುವ ಲೆಕ್ಕ. ಅವರು ಕೋರ್ಟಿಗೆ ಹೋಗಿ ತಮ್ಮ ಹೆಸರನ್ನು ಗಿಟ್ಟಿಸಿಕೊಂಡರು. ಹಾಡಿದವರ ಹೆಸರು ಹಾಕಲೇಬೇಕು ಅನ್ನುವ ಒತ್ತಡ ಅಮೆರಿಕದ ರೆಕಾರ್ಡ್ ಕಂಪನಿಗಳ ಮೇಲೆ ಬಿದ್ದದ್ದು ಅವರಿಂದಾಗಿ.

ಈಗ ಇದಕ್ಕೂ ಎಂ ಪೀಪಲ್‌ಗೂ ಏನು ಸಂಬಂಧ? 'ರೈಡ್ ಆನ್ ಟೈಮ್' ಬ್ರಿಟನ್ನಿನಲ್ಲಿ ಬಂದದ್ದು ಡಿಕನ್‌ಸ್ಟ್ರಕ್ಷನ್ ಎಂಬ ಲೇಬಲ್ಲಿನಿಂದ, ಅಂದರೆ ರೆಕಾರ್ಡ್ ಕಂಪನಿಯಿಂದ. ಪಿಕರಿಂಗ್ ಅದೇ ಲೇಬಲ್ಲಿನವನು. ಹಾಲೊವೆ ದನಿಯ ಮೇಲೆ ತಕರಾರು ಬಂದಾಗ ಆ ಹಾಡನ್ನು ಇನ್ನೊಬ್ಬ ಗಾಯಕಿಯ ಹತ್ತಿರ ಮತ್ತೆ ಹಾಡಿಸಿದರು. ಆ ಗಾಯಕಿ ಹೀದರ್ ಸ್ಮಾಲ್. ಅಲ್ಲೂ ಹೆಸರು ಹಾಕಲಿಲ್ಲ.

ಸ್ವಲ್ಪ ಯೋಚಿಸಿ. ಹೆಸರಿಲ್ಲದ ದನಿಯ ಜಾಗಕ್ಕೆ ಹೆಸರಿಲ್ಲದೆ ಹಾಡಿದ ಹುಡುಗಿ. ನಾಲ್ಕು ವರ್ಷ ಕಳೆದಮೇಲೆ ಅದೇ ಹೌಸ್ ಬೀಟ್ ಮೇಲೆ ತನ್ನದೇ ಹಾಡು ಹಾಡುತ್ತಾಳೆ. ವಿಡಿಯೋದಲ್ಲಿ ಅವಳದೇ ಮುಖ. ಅವಳದೇ ಎತ್ತಿ ಕಟ್ಟಿದ ಕೂದಲು. ನನಗೆ ಈ ಆಲ್ಬಂ ಕೇಳುವಾಗ ಮೊದಲು ನೆನಪಾಗುವುದು ಅದೇ.

ಹಳೇ_ಕ್ಯಾಸೆಟ್:
ಡಿಜೆ ಅವರೇ, ಮೈ ಜುಮ್ಮೆಂದಿತು. 'ರೈಡ್ ಆನ್ ಟೈಮ್' ವಿಷಯ ನನಗೆ ಗೊತ್ತಿರಲಿಲ್ಲ. ನಾನು ಹೆಸರು ಬರೆಯದ ಬಿ ಸೈಡಿನಲ್ಲಿ ಅವರನ್ನು ಕೇಳಿದ್ದು, ಅವರೂ ಹೆಸರಿಲ್ಲದೆ ಹಾಡಿದ್ದು... ಸುಮ್ನೆ ಕಾಕತಾಳೀಯ ಇರಬಹುದು. ಆದರೂ ಮನಸ್ಸಿಗೆ ತಟ್ಟಿತು.

ಮ್ಯಾಂಚೆಸ್ಟರ್_ಮಂಜು:
ಇದಕ್ಕೆ ಒಂದು ಸಣ್ಣ ಸೇರ್ಪಡೆ. ಹೀದರ್ ಅವರು ಮ್ಯಾಂಚೆಸ್ಟರ್‌ನವರಲ್ಲ, ಲಂಡನ್ನಿನವರು. 1965ರಲ್ಲಿ ಹುಟ್ಟಿದ್ದು. ತಂದೆ ತಾಯಿ ಬಾರ್ಬಡೋಸ್‌ನಿಂದ ಬಂದವರು. ಎಂ ಪೀಪಲ್‌ಗಿಂತ ಮುಂಚೆ ಹಾಟ್ ಹೌಸ್ ಎಂಬ ಸೋಲ್ ಬ್ಯಾಂಡಿನಲ್ಲಿ ಹಾಡುತ್ತಿದ್ದರು. ಅದೂ ಡಿಕನ್‌ಸ್ಟ್ರಕ್ಷನ್ ಲೇಬಲ್ಲೇ. 1987ರ 'ಡೋಂಟ್ ಕಮ್ ಟು ಸ್ಟೇ' ಹುಡುಕಿ ಕೇಳಿ. ಡ್ರಮ್ ಮಷಿನ್ ಅಬ್ಬರ ಇಲ್ಲ, ನಿಧಾನದ ಹಾಡು. ದನಿ ಆಗಲೇ ಪೂರ್ತಿ ಪಳಗಿತ್ತು.

ಇನ್ನೊಂದು ಮಾತು. ಎಂ ಪೀಪಲ್ ಅಂದರೆ ಮೈಕ್‌ನ ಜನ. ಪಿಕರಿಂಗ್ ಮೊದಲು ಯೋಚಿಸಿದ್ದು ಒಂದೊಂದು ಹಾಡಿಗೆ ಒಬ್ಬೊಬ್ಬ ಗಾಯಕರನ್ನು ಕರೆಸುವುದು ಅಂತ. ಹೀದರ್ ಬಂದಮೇಲೆ ಆ ಯೋಚನೆ ಬಿದ್ದುಹೋಯಿತು.

ಧಾರವಾಡದ_ವೀಣಾ:
ನಾನು ಹಾಡುವವಳು. ಹಿಂದೂಸ್ತಾನಿ, ಹದಿನಾಲ್ಕು ವರ್ಷದಿಂದ ಕಲಿಯುತ್ತಿದ್ದೇನೆ. ಹೌಸ್ ಸಂಗೀತದ ಗಂಧ ನನಗೆ ಇರಲಿಲ್ಲ. ನೀವೆಲ್ಲ ಇಷ್ಟು ಬರೆದದ್ದು ನೋಡಿ ನಿನ್ನೆ ರಾತ್ರಿ ಕೂತು ಪೂರ್ತಿ ಆಲ್ಬಂ ಎರಡು ಸಲ ಕೇಳಿದೆ.

ಹಾಡುವವರ ಕಿವಿಗೆ ಕಂಡದ್ದು ಹೇಳುತ್ತೇನೆ. ಇವರದು ಕೆಳಗಿನ ದನಿ. ಪಶ್ಚಿಮದಲ್ಲಿ ಕಾಂಟ್ರಾಲ್ಟೋ ಅನ್ನುತ್ತಾರೆ, ಹೆಣ್ಣು ದನಿಗಳಲ್ಲಿ ಎಲ್ಲಕ್ಕಿಂತ ತಗ್ಗಿನದು. ಬಹಳ ಗಾಯಕಿಯರು ತಗ್ಗಿಗೆ ಇಳಿದಾಗ ದನಿ ಗಾಳಿ ಗಾಳಿ ಆಗುತ್ತದೆ, ಪಿಸುಮಾತಿನ ಹಾಗೆ. ಇವರು ಇಳಿದಷ್ಟೂ ದನಿ ಗಟ್ಟಿ. ಮೇಲಕ್ಕೆ ಹೋಗುವಾಗಲೂ ದನಿ ಬದಲಿಸಿ ತೆಳ್ಳಗೆ ಮಾಡಿಕೊಳ್ಳುವುದಿಲ್ಲ. ಅದೇ ಎದೆ ದನಿಯನ್ನು ಹೊತ್ತುಕೊಂಡೇ ಮೇಲೆ ಹತ್ತುತ್ತಾರೆ. ಕೇಳುವವರಿಗೆ 'ಅಬ್ಬಾ, ಎಷ್ಟು ಶಕ್ತಿ' ಅನಿಸುವುದು ಅದಕ್ಕೇ. ಬರೀ ಜೋರು ಅಂತಲ್ಲ. ಭಾರ ಎತ್ತುವುದು ನಮಗೆ ಕೇಳಿಸುತ್ತದೆ.

ಇನ್ನೊಂದು, ಸ್ವರದ ಕೊನೆಯಲ್ಲಿ ಬರುವ ಕಂಪನ. ದೊಡ್ಡ ಅಲೆ, ಬಿಡಿ ಬಿಡಿ. ಕೆಲವರಿಗೆ ಇದು ಜಾಸ್ತಿ ಅನಿಸಬಹುದು. ಆದರೆ ಯಂತ್ರದ ತಾಳ ಗಡಿಯಾರದ ಹಾಗೆ ನಡೆಯುವಾಗ ಮನುಷ್ಯರ ದನಿ ಹೀಗೆ ಅಲುಗಾಡಿದರೆ ಎಷ್ಟು ಜೀವ ಬರುತ್ತದೆ ನೋಡ್ರಿ. ಎರಡೂ ಗಟ್ಟಿಯಾಗಿ ನಿಂತಿದ್ದರೆ ಹಾಡು ಕಲ್ಲಾಗುತ್ತಿತ್ತು.

ಗಂಗೂಬಾಯಿ ಹಾನಗಲ್ ಅವರನ್ನು ಕೇಳಿ ಬೆಳೆದ ಊರು ನಮ್ಮದು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ದಪ್ಪಗಾಯಿತು. ಅದೇ ದನಿಯಲ್ಲಿ ಅವರು ಕಿರಾಣಾ ಘರಾಣೆಯನ್ನು ದಶಕಗಟ್ಟಲೆ ಹಾಡಿದರು. ಹೆಣ್ಣಿನ ದನಿ ಕೊಳಲಿನ ಹಾಗೆ ತೆಳ್ಳಗೇ ಇರಬೇಕು ಅನ್ನುವ ಮಾತನ್ನು ನಾವು ಒಪ್ಪುವವರಲ್ಲ. ಅದಕ್ಕೇ ಇರಬೇಕು, ಹೀದರ್ ಅವರ ದನಿ ನನಗೆ ಮೊದಲ ಸಾಲಿನಿಂದಲೇ ಮನೆಯ ದನಿ ಅನಿಸಿತು.

ಕುಂದಾಪ್ರ_ಕಡಲು:
ವೀಣಾ ಮೇಡಂ, ಗಂಗೂಬಾಯಿ ಅವರ ಜೊತೆ ಹೋಲಿಸುವುದು ಸ್ವಲ್ಪ ದೂರ ಹೋಯಿತು ಅನಿಸುತ್ತದೆ. ಅಲ್ಲಿ ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುತ್ತಾರೆ. ಇಲ್ಲಿ ನಾಲ್ಕು ನಿಮಿಷದ ಹಾಡು.

ಧಾರವಾಡದ_ವೀಣಾ:
ಹೌದು ಸರ್, ಸಂಗೀತವನ್ನು ನಾನು ಹೋಲಿಸಿಲ್ಲ. ಎರಡೂ ಬೇರೆ ಬೇರೆ ಲೋಕ. ನಾನು ಹೇಳಿದ್ದು ದನಿಯ ಜಾತಿ ಬಗ್ಗೆ. ತಗ್ಗು ದನಿಯ ಹೆಣ್ಣುಮಕ್ಕಳಿಗೆ 'ನೀನು ಗಂಡಸಿನ ಹಾಗೆ ಹಾಡ್ತೀ' ಅಂತ ಚಿಕ್ಕಂದಿನಿಂದ ಹೇಳುತ್ತಾರೆ. ನನಗೂ ಹೇಳಿದ್ದಾರೆ. ಶಾಲೆಯ ಸಮೂಹಗಾನದಲ್ಲಿ ನನ್ನನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಅಂಥ ದನಿ ಮುಂದಿನ ಸಾಲಿನಲ್ಲಿ ನಿಂತು ಹಾಡುವುದು ಕೇಳಿದಾಗ ನನಗೆ ಆಗುವ ಸಂತೋಷ ಬೇರೆಯೇ.

ಹಳೇ_ಕ್ಯಾಸೆಟ್:
ವೀಣಾ ಅವರೇ, ನಾನೂ ಆ ರಾತ್ರಿ ಮೊದಲು ಗಂಡಸು ಅಂದುಕೊಂಡವನೇ. ನೀವು ಬರೆದದ್ದು ಓದಿದಮೇಲೆ ಯಾಕೆ ಹಾಗನಿಸಿತು ಅಂತ ಅರ್ಥವಾಯಿತು. ನನ್ನ ಕಿವಿಗೆ ಅಲ್ಲಿಯವರೆಗೆ ಬಿದ್ದ ಸಿನಿಮಾ ಹಾಡುಗಳಲ್ಲಿ ಹೆಣ್ಣು ದನಿ ಯಾವಾಗಲೂ ಮೇಲಿನ ಸ್ಥಾಯಿಯಲ್ಲೇ ಇರುತ್ತಿತ್ತು. ಬೇರೆ ಅಳತೆ ನನಗೆ ಗೊತ್ತೇ ಇರಲಿಲ್ಲ.

ಸ್ಟುಡಿಯೋ_ಸುಧೀರ:
ತಡವಾಗಿ ಬಂದೆ. ನಾನು ಸೌಂಡ್ ಮಿಕ್ಸಿಂಗ್ ಮಾಡುವವನು. ಕಡಲು ಅವರು 'ನಯ' ಅಂದದ್ದಕ್ಕೆ ಉತ್ತರ ಕೊಡಬೇಕು ಅನಿಸಿತು.

ಇಷ್ಟು ದಪ್ಪ ದನಿ ಇದ್ದಾಗ ಸುತ್ತಲಿನ ವಾದ್ಯಗಳು ಜಾಗ ಬಿಡಬೇಕು. ಇಲ್ಲದಿದ್ದರೆ ಕಲಸುಮೇಲೋಗರ. ತಗ್ಗಿನ ಹೆಣ್ಣು ದನಿ ಇರುವ ಜಾಗದಲ್ಲೇ ಗಿಟಾರ್, ಕೀಬೋರ್ಡ್, ಸ್ಯಾಕ್ಸೋಫೋನ್ ಎಲ್ಲ ಕೂರಲು ನೋಡುತ್ತವೆ. ಇವರು ಏನು ಮಾಡಿದ್ದಾರೆ ನೋಡಿ. ಪಿಯಾನೋ ತುಂಡು ತುಂಡಾಗಿ ಬಡಿಯುತ್ತದೆ, ಎಳೆಯುವುದಿಲ್ಲ. ಬೇಸ್ ಕೆಳಗೆ ದುಂಡಗೆ ಓಡುತ್ತದೆ. 'ಮೂವಿಂಗ್ ಆನ್ ಅಪ್'ನ ಸ್ಯಾಕ್ಸೋಫೋನ್ ಹಾಡಿನ ಗುರುತೇ ಆಗಿದೆ. ಆದರೂ ಅದು ದನಿಯ ಜೊತೆ ಜಗಳಕ್ಕೆ ಇಳಿಯುವುದಿಲ್ಲ. ಹೀದರ್ ಬಿಟ್ಟ ಜಾಗದಲ್ಲಿ ಬಂದು ಮಾತಾಡಿ ಹೋಗುತ್ತದೆ. ಶೋವೆಲ್ ಕೈಯಿಂದ ಬಡಿಯುವ ಕಾಂಗಾ ಡ್ರಮ್ ಮಷಿನ್ನಿನ ಬೀಟಿಗೆ ಕೈಯ ಬಿಸಿ ಕೊಡುತ್ತದೆ. ಕಿಕ್ ಡ್ರಮ್ ನಾಲ್ಕೂ ಎಣಿಕೆಗೆ ಒಂದೇ ಸಮ.

ಇದನ್ನು ಮಾಡಿದ್ದು ಹೊರಗಿನ ನಿರ್ಮಾಪಕರಲ್ಲ, ಬ್ಯಾಂಡಿನವರೇ. ನೀವು ನಯ ಅನ್ನುವುದನ್ನು ನಾನು ಜಾಗ ಬಿಟ್ಟುಕೊಡುವುದು ಅನ್ನುತ್ತೇನೆ. ಮಾಲ್‌ನ ಚಾವಣಿಯ ಸಣ್ಣ ಸ್ಪೀಕರಿನಲ್ಲಿ ಬೇಸ್ ಸತ್ತುಹೋಗಿರುತ್ತದೆ. ಹಾಡಿನ ಅರ್ಧ ನಿಮಗೆ ತಲುಪಿಯೇ ಇಲ್ಲ. ದಯವಿಟ್ಟು ಒಳ್ಳೆಯ ಹೆಡ್‌ಫೋನ್‌ನಲ್ಲಿ ಒಮ್ಮೆ ಕೇಳಿ ಸರ್.

'ಡೋಂಟ್ ಲುಕ್ ಎನಿ ಫರ್ದರ್' ಬಗ್ಗೆ ಯಾರೂ ಬರೆದಿಲ್ಲ. ಅದು ಇವರ ಸ್ವಂತ ಹಾಡಲ್ಲ. ಟೆಂಪ್ಟೇಷನ್ಸ್ ಗುಂಪಿನಲ್ಲಿದ್ದ ಡೆನಿಸ್ ಎಡ್ವರ್ಡ್ಸ್ 1984ರಲ್ಲಿ ಸೈಡಾ ಗ್ಯಾರೆಟ್ ಜೊತೆ ಹಾಡಿದ್ದು. ಆ ಹಾಡಿನ ಬೇಸ್ ಸಾಲನ್ನು ಎರಿಕ್ ಬಿ ಮತ್ತು ರಕೀಂ ಎಂಬ ರಾಪ್ ಜೋಡಿ 1987ರಲ್ಲಿ ತಮ್ಮ 'ಪೇಯ್ಡ್ ಇನ್ ಫುಲ್'ಗೆ ತಗೊಂಡರು. ಇಷ್ಟು ಹೆಸರುವಾಸಿ ಹಾಡನ್ನು ಮುಟ್ಟಲು ಧೈರ್ಯ ಬೇಕು. ಮೂಲದಲ್ಲಿ ಗಂಡು ದನಿ ಕರೆಯುತ್ತದೆ, ಹೆಣ್ಣು ದನಿ ಜೊತೆಗೂಡುತ್ತದೆ. ಎಂ ಪೀಪಲ್‌ನಲ್ಲಿ ಹೀದರ್‌ದೇ ಮೇಲುಗೈ. ಹಾಡಿನ ಅರ್ಥವೇ ಸ್ವಲ್ಪ ಹೊರಳಿದ ಹಾಗೆ ನನಗೆ ಕೇಳುತ್ತದೆ.

ಜಯನಗರ_ಡಿಜೆ:
ಸುಧೀರ್, ಸರಿಯಾಗಿ ಹೇಳಿದಿರಿ. 'ಮೂವಿಂಗ್ ಆನ್ ಅಪ್' ಕೂಡ ಹಾಗೇ. ಜನ ಅದನ್ನು ಖುಷಿ ಹಾಡು ಅಂದುಕೊಂಡಿದ್ದಾರೆ. ಮಾತುಗಳನ್ನು ಗಮನಿಸಿ. ಮೋಸ ಮಾಡಿದ ಗಂಡಿಗೆ ಗಂಟುಮೂಟೆ ಕಟ್ಟಿಕೊಂಡು ಹೊರಡು ಅನ್ನುವ ಹೆಂಗಸು ಅವಳು. ಅಳು ಇಲ್ಲ, ಬೇಡಿಕೊಳ್ಳುವುದಿಲ್ಲ. ಈ ಮಾತನ್ನು ತೆಳ್ಳಗಿನ ದನಿಯಲ್ಲಿ ಹಾಡಿದರೆ ಕೋಪಗೊಂಡ ಹಾಗೆ ಕೇಳುತ್ತದೆ. ಹೀದರ್ ಹಾಡಿದಾಗ ತೀರ್ಮಾನ ಆಗಿಹೋಗಿದೆ ಅನಿಸುತ್ತದೆ. ಅಮೆರಿಕದ ಬಿಲ್‌ಬೋರ್ಡ್ ಡ್ಯಾನ್ಸ್ ಪಟ್ಟಿಯಲ್ಲಿ ಇದು 1994ರಲ್ಲಿ 1ನೇ ಸ್ಥಾನಕ್ಕೆ ಹೋಯಿತು. ಹೌಸ್ ಹುಟ್ಟಿದ ದೇಶದಲ್ಲೇ!

ಈಗ ಮರ್ಕ್ಯುರಿ. ಮೊದಲ ಎರಡು ಮರ್ಕ್ಯುರಿಗಳು, 1992 ಮತ್ತು 1993ರವು, ಪ್ರೈಮಲ್ ಸ್ಕ್ರೀಮ್ ಮತ್ತು ಸ್ವೀಡ್‌ಗೆ ಹೋಗಿದ್ದವು. ಎರಡೂ ಗಿಟಾರ್ ಬ್ಯಾಂಡುಗಳೇ. ಪ್ರೈಮಲ್ ಸ್ಕ್ರೀಮ್ ಹೌಸ್‌ನಿಂದ ಎಷ್ಟು ಸಾಲ ಪಡೆದಿತ್ತು ಎಲ್ಲರಿಗೂ ಗೊತ್ತು. ಹಾಗಿರುವಾಗ ನೇರವಾಗಿ ಕ್ಲಬ್ಬಿನಿಂದ ಬಂದ ಆಲ್ಬಂಗೆ ಕೊಟ್ಟರೆ ಯಾಕೆ ಕಣ್ಣು ಕೆಂಪಾಗಬೇಕು? 'ಪಾರ್ಕ್‌ಲೈಫ್' ದೊಡ್ಡ ಆಲ್ಬಂ, ನನಗೂ ಇಷ್ಟ. ಆದರೆ 'ಇದು ಬರೀ ಕುಣಿಯುವ ಹಾಡು' ಅನ್ನುವ ಕಾರಣಕ್ಕೆ ಇದನ್ನು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಸಾವಿರ ಜನರನ್ನು ಒಟ್ಟಿಗೆ ಕುಣಿಸುವುದು ಸುಲಭದ ಕೆಲಸ ಅಲ್ಲ. ಹದಿನೆಂಟು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ, ನನಗೆ ಗೊತ್ತು.

ಮ್ಯಾಂಚೆಸ್ಟರ್_ಮಂಜು:
ಇಲ್ಲಿನ ಜನ ಇವರನ್ನು ಮರೆತಿಲ್ಲ. ಮುಂದಿನ ಆಲ್ಬಂ 'ಬಿಜಾರ್ ಫ್ರೂಟ್'ನ 'ಸರ್ಚ್ ಫಾರ್ ದ ಹೀರೋ' ಪ್ಯೂಜೋ 406 ಕಾರಿನ ಜಾಹೀರಾತಿಗೆ ಬಂತು. ನನ್ನ ಜೊತೆ ಕೆಲಸ ಮಾಡುವ ಐವತ್ತು ದಾಟಿದವರಿಗೆ ಅದನ್ನು ಗುನುಗಿದರೆ ಸಾಕು, ಕಾರಿನ ಹೆಸರು ಹೇಳುತ್ತಾರೆ. ಹೀದರ್ ಒಬ್ಬರೇ 2000ದಲ್ಲಿ ಹಾಡಿದ 'ಪ್ರೌಡ್' ಲಂಡನ್ 2012 ಒಲಿಂಪಿಕ್ಸ್ ತಮಗೇ ಬೇಕು ಅಂತ ಕೇಳಿಕೊಂಡ ಪ್ರಚಾರದಲ್ಲಿ ಬಳಕೆಯಾಯಿತು.

ಕಳೆದ ಡಿಸೆಂಬರ್‌ನಲ್ಲಿ ಆಫೀಸಿನ ಊಟಕ್ಕೆ ಹೋಗಿದ್ದೆವು. ಡಿಜೆ 'ವನ್ ನೈಟ್ ಇನ್ ಹೆವೆನ್' ಹಾಕಿದ. ನಮ್ಮ ಲೆಕ್ಕಪತ್ರ ನೋಡುವ ಹೆಂಗಸು, ಇಡೀ ವರ್ಷ ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿಲ್ಲ, ಎದ್ದು ನಿಂತು ಕಣ್ಣು ಮುಚ್ಚಿಕೊಂಡು ಪೂರ್ತಿ ಹಾಡಿದರು. ತಗ್ಗಿನ ಸಾಲುಗಳನ್ನೂ ಬಿಡಲಿಲ್ಲ. ಆಮೇಲೆ ಕೇಳಿದೆ. ಹದಿನೆಂಟು ವರ್ಷದವರಿದ್ದಾಗ ಹಸಿಯೆಂಡಾಕ್ಕೆ ಹೋಗುತ್ತಿದ್ದರಂತೆ.

ಕುಂದಾಪ್ರ_ಕಡಲು:
ಸುಧೀರ್ ಹೇಳಿದ ಹಾಗೆ ಮಗನ ಹೆಡ್‌ಫೋನ್ ತಗೊಂಡು ಕೇಳಿದೆ. ನನ್ನ ಮರ್ಕ್ಯುರಿ ಇವತ್ತಿಗೂ 'ಪಾರ್ಕ್‌ಲೈಫ್'ಗೇ, ಅದರಲ್ಲಿ ಬದಲಾವಣೆ ಇಲ್ಲ. ಆಲ್ಬಂನ ಎರಡನೇ ಅರ್ಧ ಮೊದಲಿನಷ್ಟು ಗಟ್ಟಿ ಇಲ್ಲ ಅಂತಲೂ ಅನಿಸಿತು. ಆದರೆ ಒಂದು ಒಪ್ಪಿಕೊಳ್ಳುತ್ತೇನೆ. ಮಾಲ್‌ನಲ್ಲಿ ಕೇಳುತ್ತಿದ್ದಾಗ ಆ ದನಿ ಯಾವುದೋ ಹಳೇ ರೆಕಾರ್ಡಿನಿಂದ ಎತ್ತಿ ಹಾಕಿದ್ದು ಅಂತಲೇ ನಾನು ಇಷ್ಟು ವರ್ಷ ನಂಬಿದ್ದೆ. ಒಬ್ಬರು ಮೈಕ್ ಮುಂದೆ ನಿಂತು ಇಡೀ ಹಾಡು ಹಾಡಿದ್ದಾರೆ ಅಂತ ಯೋಚಿಸಿಯೇ ಇರಲಿಲ್ಲ. ಹಳೇ ಕ್ಯಾಸೆಟ್ ಅವರು ಮೊದಲು ಹೇಳಿದ ಮಾತು ನನಗೇ ಅನ್ವಯಿಸುತ್ತದೆ.

ಮರ್ಕ್ಯುರಿ ಪಟ್ಟಿ ಮತ್ತೆ ತೆಗೆದು ನೋಡಿದಾಗ ಶಾರಾ ನೆಲ್ಸನ್ ಹೆಸರು ಕಂಡಿತು. 'ವಾಟ್ ಸೈಲೆನ್ಸ್ ನೋಸ್'. ಇವರು ಮ್ಯಾಸಿವ್ ಅಟ್ಯಾಕ್ ಎಂಬ ಗುಂಪಿನ ಜೊತೆ ಹಾಡಿದವರೇ ಅಲ್ವಾ?

ಜಯನಗರ_ಡಿಜೆ:
ಅವರೇ ಸರ್. 1991ರ 'ಅನ್‌ಫಿನಿಶ್ಡ್ ಸಿಂಪತಿ' ಹಾಡಿದ್ದು ಅವರು. ಹಾಡು ಬರೆದವರಲ್ಲಿಯೂ ಅವರ ಹೆಸರಿದೆ. ಗುಂಪು ಬಿಟ್ಟು ಹೊರಬಂದು ಮಾಡಿದ ಮೊದಲ ಆಲ್ಬಂ ಅದು.

ಹಳೇ_ಕ್ಯಾಸೆಟ್:
ಹಾಗಾದರೆ ಈ ವಾರ ಎಲ್ಲರೂ ಅದನ್ನು ಕೇಳಿ ಬನ್ನಿ. ಶನಿವಾರ ಶಾರಾ ನೆಲ್ಸನ್ ಹೆಸರಿನಲ್ಲಿ ಬೇರೆ ಚರ್ಚೆ ತೆರೆಯುತ್ತೇನೆ. ವೀಣಾ ಅವರೇ, ದನಿ ಬಗ್ಗೆ ಮೊದಲು ನೀವೇ ಬರೆಯಬೇಕು.

ಧಾರವಾಡದ_ವೀಣಾ:
ಬರೆಯುತ್ತೇನೆ ಅಣ್ಣಾ. ಅದಕ್ಕೆ ಮೊದಲು ಮಂಜು ಅವರು ಹೇಳಿದ ಹಾಟ್ ಹೌಸ್ ಹಾಡು ಹುಡುಕಬೇಕು. ತಾಳ ಕಡಿಮೆ ಇದ್ದಾಗ ಆ ದನಿ ಹೇಗೆ ನಿಲ್ಲುತ್ತದೆ ಅಂತ ಕೇಳಬೇಕು ಅನಿಸಿದೆ.